ಅಪ್ಪನ ಜಮಾ-ಖರ್ಚು

ಲೆಕ್ಕ ಬರೆಯುವ ಅಪ್ಪಂದಿರದ್ದು ಒಂದು ಕುಲವೇ ಇತ್ತು. ಮೇಷ್ಟ್ರುಗಳು, ಗುಮಾಸ್ತರು, ಪೋಸ್ಟ್ ಮಾಸ್ತರರು, ರೈಲ್ವೆಯವರು. ಸಂಬಳ ಎಷ್ಟು ಕಮ್ಮಿಯೋ ಲೆಕ್ಕ ಅಷ್ಟು ಉದ್ದ. ದುಡ್ಡು ಜಾಸ್ತಿ ಇದ್ದವರಿಗೆ ಆಡಿಟರು ಇರುತ್ತಾರೆ. ಇಲ್ಲದವರು ತಾವೇ ಕೂತು ಬರೆಯಬೇಕು. ರಾತ್ರಿ ಊಟ ಆದಮೇಲೆ ಅಂಗಿ ಜೇಬಿನ ಚಿಲ್ಲರೆಯನ್ನು ಚಾಪೆ ಮೇಲೆ ಸುರಿಯುವುದು, ಎಣಿಸುವುದು, ಪುಸ್ತಕ ಬಿಡಿಸಿಕೊಂಡು "ಕೊತ್ತಂಬರಿ ಸೊಪ್ಪು ಎಷ್ಟಾಯ್ತೇ?" ಅಂತ ಅಡುಗೆಮನೆ ಕಡೆ ಕೂಗುವುದು. ಅಲ್ಲಿಂದ ಬರುವ ಉತ್ತರದಲ್ಲಿ ಯಾವಾಗಲೂ ಸ್ವಲ್ಪ ಸಿಟ್ಟು ಇರುತ್ತಿತ್ತು. ಈ ಪ್ರಶ್ನೋತ್ತರ ಕೇಳಿಸಿಕೊಳ್ಳದೆ ನಿದ್ದೆ ಹೋದ ಮಕ್ಕಳು ನಮ್ಮ ತಲೆಮಾರಿನಲ್ಲಿ ಕಮ್ಮಿ.

ನಮ್ಮಪ್ಪನೂ ಅದೇ ಕುಲದವರು. ತಿಪಟೂರು ಸುತ್ತಮುತ್ತಲ ಹಳ್ಳಿಗಳಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. 1961ರ ಯುಗಾದಿಗೆ ಲೆಕ್ಕ ಬರೆಯಲು ಶುರು ಮಾಡಿದವರು ತೀರಿಕೊಳ್ಳುವ ಹಿಂದಿನ ವಾರದವರೆಗೂ ಬಿಡಲಿಲ್ಲ. ಅವರಿಗೆ ವರ್ಷ ಅಂದರೆ ಯುಗಾದಿಯಿಂದ ಯುಗಾದಿಗೆ. ಜನವರಿ ಸರ್ಕಾರದ್ದು, ಏಪ್ರಿಲ್ ಬ್ಯಾಂಕಿನದ್ದು ಅನ್ನುತ್ತಿದ್ದರು. ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ಶ್ರೀಕಾರ, ಅದರ ಕೆಳಗೆ ಸಂವತ್ಸರದ ಹೆಸರು. ಮೊದಲನೆಯದರಲ್ಲಿ 'ಪ್ಲವ ನಾಮ ಸಂವತ್ಸರ' ಅಂತಿದೆ. ಅರವತ್ತು ವರ್ಷ ಸುತ್ತಿ 2021ರಲ್ಲಿ ಮತ್ತೆ ಪ್ಲವ ಬಂದಾಗ ಅದನ್ನೂ ಬರೆದು, ಪಕ್ಕದಲ್ಲಿ 'ಎರಡನೇ ಸಲ' ಅಂತ ಸೇರಿಸಿದ್ದಾರೆ. ಇಷ್ಟು ಪುಸ್ತಕಗಳಲ್ಲಿ ಅಪ್ಪ ತಮ್ಮ ಬಗ್ಗೆ ಜಂಬ ಕೊಚ್ಚಿಕೊಂಡದ್ದು ಅದೊಂದೇ ಕಡೆ.

ಈ ಪುಸ್ತಕಗಳನ್ನು ಅಟ್ಟದಿಂದ ಇಳಿಸಬೇಕಾಗಿ ಬಂದದ್ದು ಒಂದು ಜಾಹೀರಾತಿನಿಂದ. ವರ್ಷದ ತಿಥಿಗೆ ಪೇಪರಿನಲ್ಲಿ ಅಪ್ಪನ ಫೋಟೋ ಹಾಕಿಸೋಣ ಅಂತ ಅಣ್ಣನಿಗೆ ಆಸೆ. ಏಜೆನ್ಸಿಯವನು ವಾಟ್ಸಾಪಿನಲ್ಲಿ ಮಾದರಿ ಕಳಿಸಿದ. 'ಅಕ್ಕರೆಯ ತಂದೆ, ಮಮತೆಯ ತಾತ, ನಿಮ್ಮ ಆದರ್ಶವೇ ನಮಗೆ ದಾರಿದೀಪ.' ಅಕ್ಕ ಓದಿ, "ಇದು ಯಾರಪ್ಪನಿಗೆ ಬೇಕಾದರೂ ಆಗುತ್ತಲ್ಲೋ" ಅಂದಳು. ನಿಜ. ದಿನಾ ಬೆಳಿಗ್ಗೆ ಪೇಪರಿನ ಆ ಪುಟ ತೆಗೆದರೆ ನಾಡಿನ ತುಂಬ ದಾರಿದೀಪಗಳೇ. ನಮ್ಮದೇ ನಾಲ್ಕು ಸಾಲು ಬರೆಯೋಣ, ಕೆಲಸಕ್ಕೆ ಸೇರಿದ ತಾರೀಖಾದರೂ ಸರಿಯಾಗಿರಲಿ ಅಂತ ಪುಸ್ತಕ ಇಳಿಸಿದೆವು. ತಾರೀಖು ಹತ್ತೇ ನಿಮಿಷದಲ್ಲಿ ಸಿಕ್ಕಿತು. ನಾವು ಮಾತ್ರ ಮಧ್ಯಾಹ್ನದ ಊಟ ಮರೆತು ಓದುತ್ತಾ ಕೂತೆವು.

ಮೊದಲನೇ ಪುಸ್ತಕ ನೋಡಲೇ ಚೆಂದ. ಕೆಂಪು ಬಟ್ಟೆಯ ರಟ್ಟು, ಉದ್ದನೆ ಹಾಳೆ. ಅದರಲ್ಲಿ ಅಚ್ಚಾಗಿರುವ ಕಾಲಂ ಮೂರು: ರೂಪಾಯಿ, ಆಣೆ, ಪೈ. ದೇಶದಲ್ಲಿ ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಅಲ್ಲಿಗೆ ಹದಿನಾರಾಣೆ ಕತೆ ಮುಗಿದು, ರೂಪಾಯಿಗೆ ನೂರು ಪೈಸೆ ಆಯಿತು. ಅಂಗಡಿಯವನ ಹತ್ತಿರ ಹಳೆಯ ಕಾಲಂ ಪುಸ್ತಕ ಉಳಿದುಬಿಟ್ಟಿರಬೇಕು. ಅಪ್ಪ ಅದನ್ನು ಅರ್ಧ ಬೆಲೆಗೆ ತಂದು, ಪ್ರತಿ ಪುಟದಲ್ಲೂ ಆಣೆಯ ಕಾಲಮ್ಮಿಗೆ ಸ್ಕೇಲಿಟ್ಟು ಉದ್ದಕ್ಕೆ ಗೆರೆ ಹೊಡೆದಿದ್ದಾರೆ. ಗೆರೆ ಒಂದು ಕಡೆಯೂ ಸೊಟ್ಟ ಇಲ್ಲ. ಪುಸ್ತಕದ ಮೊಟ್ಟಮೊದಲ ಖರ್ಚೇ ಆ ಪುಸ್ತಕ. ಪಕ್ಕದಲ್ಲಿ 'ಆಣೆಯದು, ಅಗ್ಗ' ಅಂತ ಷರಾ.

ಷರಾ ಬರೆಯುವುದು ಅವರ ಚಟ. ಬರೀ ಅಂಕಿ ಬರೆದು ಅವರಿಗೆ ತೃಪ್ತಿ ಇಲ್ಲ. 1966ರ ಪುಟಗಳಲ್ಲಿ ರಾಗಿ ಅಪರೂಪ. ರೇಷನ್ ಅಂಗಡಿಯ ಕೆಂಪು ಜೋಳವೇ ಜಾಸ್ತಿ. ಬರಗಾಲಕ್ಕೆ ಅಮೆರಿಕದಿಂದ ಹಡಗಿನಲ್ಲಿ ಬಂದ ಜೋಳ. ಅದರ ಮುಂದೆ 'ಮುದ್ದೆ ನಿಲ್ಲುವುದಿಲ್ಲ' ಎಂದಿದೆ. ಆ ವರ್ಷಗಳಲ್ಲಿ ಶಾಲೆಗಳಿಗೆ ಕೇರ್ ಸಂಸ್ಥೆಯ ಉಪ್ಪಿಟ್ಟಿನ ರವೆ, ಹಾಲಿನ ಪುಡಿ ಬರುತ್ತಿತ್ತಲ್ಲ, ಅದನ್ನು ತಿಂದು ಬೆಳೆದವರಿಗೆ ಅದರ ವಾಸನೆ ಇವತ್ತಿಗೂ ನೆನಪಿರುತ್ತದೆ. ಅಪ್ಪನ ಲೆಕ್ಕದಲ್ಲಿ ಒಂದು ಸಾಲು ತಿಂಗಳು ತಿಂಗಳೂ ಬರುತ್ತದೆ: 'ಶಾಲೆ ಉಪ್ಪಿಟ್ಟಿಗೆ ಒಗ್ಗರಣೆ ಎಣ್ಣೆ, ಸಾಸಿವೆ.' ಸರ್ಕಾರದ ಉಪ್ಪಿಟ್ಟಿಗೆ ಮನೆ ದುಡ್ಡಿನ ಒಗ್ಗರಣೆ. ಇದರ ಬಗ್ಗೆ ಅಮ್ಮನಿಗೆ ಐವತ್ತು ವರ್ಷವಾದರೂ ಅಸಮಾಧಾನ ಹೋಗಿಲ್ಲ. "ನಮ್ಮನೇಲಿ ಸಾಸಿವೆ ಇರ್ತಿರ್ಲಿಲ್ಲ" ಅಂದರು.

1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಹೋಗಿ ಕರ್ನಾಟಕ ಆಯಿತು. ಆ ಚಾರಿತ್ರಿಕ ದಿನ ಅಪ್ಪನ ಪುಸ್ತಕದಲ್ಲಿ ಎರಡು ರೂಪಾಯಿಯ ಪೆಪ್ಪರಮಿಂಟು. 'ಶಾಲೆ ಮಕ್ಕಳಿಗೆ. ಕರ್ನಾಟಕ ಆದ ಬಾಬ್ತು.' 1978ರ ಜನವರಿಯಲ್ಲಿ ಸಾವಿರದ ನೋಟು ರದ್ದಾಯಿತು. ಅವತ್ತಿನ ಷರಾ: 'ನಾವು ನೋಡಿಲ್ಲ.' 2016ರ ನವೆಂಬರಿನಲ್ಲಿ ಐನೂರು, ಸಾವಿರದ ನೋಟು ರದ್ದಾದಾಗ ಮಾತ್ರ ಅಪ್ಪನಿಗೂ ದೇಶದ ಸಂಕಟದಲ್ಲಿ ಪಾಲು ಸಿಕ್ಕಿತು. ಹಳೆಯ ಪುಸ್ತಕಗಳ ಮಧ್ಯೆ ಅಲ್ಲೊಂದು ಇಲ್ಲೊಂದು ಇಟ್ಟಿದ್ದ ಐನೂರರ ನೋಟುಗಳು ಹೊರಗೆ ಬಂದವು. ಎಲ್ಲಿಟ್ಟಿದ್ದರು ಅಂತ ಅಮ್ಮನಿಗೆ ಗೊತ್ತಾಗಿಹೋಯಿತು ಅನ್ನುವುದೇ ಅವರಿಗೆ ದೊಡ್ಡ ಬೇಜಾರು. ಮೈಸೂರ್ ಬ್ಯಾಂಕಿನ ಮುಂದೆ ಬೆಳಿಗ್ಗೆಯಿಂದ ಕ್ಯೂ ನಿಂತರು. ಮುಂದಿನ ಏಪ್ರಿಲ್‌ನಲ್ಲಿ ಆ ಬ್ಯಾಂಕೇ ಸ್ಟೇಟ್ ಬ್ಯಾಂಕಿನೊಳಗೆ ಕರಗಿತು. ಅಪ್ಪ ಬೋರ್ಡು ಬದಲಾದದ್ದನ್ನು ಒಪ್ಪಲಿಲ್ಲ. ಕೊನೆ ಪುಸ್ತಕದವರೆಗೂ ಪಿಂಚಣಿ ಬರುವುದು 'ಮೈ.ಬ್ಯಾಂ.'ನಿಂದಲೇ.

ಇವನ್ನೆಲ್ಲ ನಗುತ್ತಾ ಓದುತ್ತಿದ್ದೆವು. ಅಷ್ಟರಲ್ಲಿ ಅಕ್ಕನಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಮನೆ ಸಾಮಾನಿಗೆ ಷರಾ ಅಲ್ಲಲ್ಲಿ ಮಾತ್ರ ಇದೆ. ಮಕ್ಕಳಿಗೆ, ಅಂದರೆ ನಮಗೆ, ಮಾಡಿದ ಖರ್ಚಿಗೆ ಒಂದೂ ಬಿಡದೆ ಇದೆ. ಅದೂ ತಮಾಷೆ ಷರಾ ಅಲ್ಲ, ಕಾರಣ.

'ಚಿಕ್ಕವನಿಗೆ ಬಲೂನು, 10 ಪೈಸೆ. ಜಾತ್ರೆಯಲ್ಲಿ ನೆಲಕ್ಕೆ ಬಿದ್ದು ಹೊರಳಾಡಿದ್ದರಿಂದ.' ಆ ಚಿಕ್ಕವನು ನಾನು. 'ಹುಡುಗಿಗೆ ರಿಬ್ಬನ್. ಶಾಲೆ ವಾರ್ಷಿಕೋತ್ಸವ, ಅನಿವಾರ್ಯ.' 'ದೊಡ್ಡವನಿಗೆ ಚಪ್ಪಲಿ. ಎರಡು ಸೈಜು ದೊಡ್ಡದು, ಬೆಳೆಯುತ್ತಾನೆ.' ಅಣ್ಣ ಬೆಳೆಯುವಷ್ಟರಲ್ಲಿ ಚಪ್ಪಲಿ ಸವೆದುಹೋಗಿತ್ತು, ಆ ಮಾತು ಬೇರೆ. 'ಮೂವರಿಗೂ ಐಸ್‌ಕ್ಯಾಂಡಿ. ಪಕ್ಕದ ಮನೆ ಮಕ್ಕಳು ಎದುರಿಗೆ ತಿನ್ನುತ್ತಿದ್ದವು.' ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷದ ಪುಟದಲ್ಲಿ ಒಂದು ಎಚ್‌ಎಂಟಿ ವಾಚು ಇದೆ. ಅವರ ಸಂಬಳಕ್ಕೆ ಅದು ಸಣ್ಣ ಬಾಬ್ತಲ್ಲ. ಕಾರಣ: 'ಪಾಸಾದ. ಮಾತು ಕೊಟ್ಟಿದ್ದೆ.'

ಆ ವಾಚಿನ ಮೇಲೆ ಅಪ್ಪನಿಗೆ ನನಗಿಂತ ಜಾಸ್ತಿ ಅಭಿಮಾನ. ಎಚ್‌ಎಂಟಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ವಾಚು ಮಾಡಲು ಶುರು ಮಾಡಿದ್ದು 1961ರಲ್ಲಿ, ಅಪ್ಪ ಲೆಕ್ಕ ಶುರು ಮಾಡಿದ ವರ್ಷವೇ. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಅಲ್ಲಿಂದಾಚೆಗೆ ಅದು ನಮ್ಮ ಜಿಲ್ಲೆಯ ವಾಚು. ಕೇಂದ್ರ ಸರ್ಕಾರ ಆ ವಾಚ್ ಕಂಪನಿ ಮುಚ್ಚಲು 2016ರಲ್ಲಿ ತೀರ್ಮಾನ ಮಾಡಿದಾಗ ಪೇಪರ್ ಓದಿ ನನಗೆ ಫೋನ್ ಮಾಡಿದರು. "ನಿಂದು ಓಡ್ತಾ ಇದೆಯೇನೋ?" ಓಡುತ್ತಿತ್ತು, ಕೀ ಕೊಟ್ಟರೆ.

ಸಂಸಾರದ ಯಜಮಾನ, ಸ್ವಂತ ಸಂಬಳ, ಸ್ವಂತ ಮಕ್ಕಳು. ಹತ್ತು ಪೈಸೆ ಬಲೂನಿಗೆ ಯಾರಿಗೆ ಕಾರಣ ಹೇಳುತ್ತಿದ್ದರು? ಅಮ್ಮ ಆ ಪುಸ್ತಕ ಮುಟ್ಟುತ್ತಲೇ ಇರಲಿಲ್ಲ. ನಮ್ಮ ತಾತ, ಅಂದರೆ ಅಪ್ಪನ ಅಪ್ಪ, ಅಪ್ಪ ಹುಡುಗನಾಗಿದ್ದಾಗಲೇ ತೀರಿಹೋಗಿದ್ದರು. ಕೇಳುವವರು ಯಾರೂ ಇರಲಿಲ್ಲ.

ನನಗೆ ಅನ್ನಿಸುವುದು ಇಷ್ಟು. ಅಪ್ಪ ಓದಿದ್ದು ತುಮಕೂರಿನ ಸಿದ್ಧಗಂಗಾ ಮಠದಲ್ಲಿದ್ದುಕೊಂಡು. ಊಟ, ವಸತಿ, ವಿದ್ಯೆ ಮೂರೂ ಅಲ್ಲಿ ಪುಕ್ಕಟೆ. ಯಾವ ಜಾತಿ, ಯಾವ ಊರು ಅಂತ ಕೇಳದೆ ಸಾವಿರಾರು ಹುಡುಗರಿಗೆ ಮುದ್ದೆ ಬಡಿಸಿದ ಮಠ. ಶಿವಕುಮಾರ ಸ್ವಾಮೀಜಿಯವರು ಜೋಳಿಗೆ ಹಿಡಿದು ಹಳ್ಳಿಹಳ್ಳಿ ತಿರುಗಿ ತಂದ ಕಾಳಿನಿಂದ ಆ ಒಲೆ ಉರಿದದ್ದು. ಹಾಗೆ ಯಾರೋ ಕೊಟ್ಟ ಕಾಳು ಉಂಡು ಬೆಳೆದ ಹುಡುಗನಿಗೆ ದುಡ್ಡು ಪೂರ್ತಿ ತನ್ನದು ಅಂತ ಯಾವತ್ತೂ ಅನ್ನಿಸಿರಲಿಕ್ಕಿಲ್ಲ. ಮಠಕ್ಕೆ ಪ್ರತಿ ವರ್ಷ ಶಿವರಾತ್ರಿ ಹೊತ್ತಿಗೆ ಮನಿಯಾರ್ಡರ್ ಹೋಗಿದೆ. ಕೆಂಪು ಜೋಳ ತಿಂದ ವರ್ಷವೂ ಹೋಗಿದೆ. ಅದಕ್ಕೆ ಮಾತ್ರ ಕಾರಣ ಬರೆದಿಲ್ಲ. ಸ್ವಾಮೀಜಿ ಲಿಂಗೈಕ್ಯರಾದದ್ದು 2019ರ ಜನವರಿ 21. ಆ ದಿನದ ಪುಟ ಖಾಲಿ. ಹಾಲು ಕೂಡ ಬರೆದಿಲ್ಲ. ಮಾರನೆ ದಿನ 'ತುಮಕೂರಿಗೆ ಬಸ್ಸು, ಹೋಗಿ ಬರಲು' ಅಂತಿದೆ. ಎಪ್ಪತ್ತೆಂಟರ ಮುದುಕ ಲಕ್ಷಗಟ್ಟಲೆ ಜನರ ನೂಕಿನಲ್ಲಿ ನಿಂತು ಬಂದಿದ್ದರು. ನಮಗೆ ಯಾರಿಗೂ ಹೇಳಿರಲಿಲ್ಲ.

ಪಾಪದ ಮನುಷ್ಯ ಅಂದುಕೊಳ್ಳಬೇಡಿ. ಅಪ್ಪನ ಲೆಕ್ಕದಲ್ಲಿ ಕಳ್ಳತನವೂ ಇದೆ. ಸಂತೆ ದಿನ ತಪ್ಪದೆ 'ಸಂತೆ, ಇತರೆ' ಅಂತ ಒಂದು ಸಾಲು ಬರುತ್ತದೆ. ಸೊಪ್ಪು, ಬೆಲ್ಲ, ಮೆಣಸಿನಕಾಯಿ ಎಲ್ಲ ಬಿಡಿಬಿಡಿಯಾಗಿ ಬರೆಯುವ ಮನುಷ್ಯನಿಗೆ ಈ 'ಇತರೆ' ಏನಿರಬಹುದು? ಅಣ್ಣ ಇದರ ಹಿಂದೆ ಬಿದ್ದ. ವರ್ಷ ವರ್ಷದ 'ಇತರೆ' ಹುಡುಕಿ ಪಟ್ಟಿ ಮಾಡಿದ. ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಏರುತ್ತಾ ಹೋಗಿದೆ. ಇಬ್ಬರೂ ತಲೆ ಕೆಡಿಸಿಕೊಂಡು ಕೂತಿದ್ದಾಗ ಒಳಗಿನಿಂದ ಅಮ್ಮ, "ಅದು ಮಸಾಲೆ ದೋಸೆ ಕಣ್ರೋ" ಅಂದರು.

ಹೊರಗೆ ತಿನ್ನಬಾರದು, ಹೋಟೆಲ್ ಎಣ್ಣೆ ಕೆಟ್ಟದ್ದು, ದುಡ್ಡು ದಂಡ ಅಂತ ನಮಗೆ ಬಾಲ್ಯವಿಡೀ ಪಾಠ ಹೇಳಿದವರು ಇವರೇ. "ನಿಂಗೆ ಹೆಂಗೆ ಗೊತ್ತಮ್ಮಾ?" "ಸಂತೆ ದಿನ ರಾತ್ರಿ ಊಟ ಸೇರ್ತಿರ್ಲಿಲ್ಲ. ಮೀಸೇಲಿ ಚಟ್ನಿ ವಾಸನೆ." "ಕೇಳ್ಲಿಲ್ವಾ?" "ಒಂದು ದೋಸೆ ತಾನೆ, ತಿನ್ಲಿ ಬಿಡು." ಅಕ್ಕ ಮಾತ್ರ ಇನ್ನೂ ಕ್ಷಮಿಸಿಲ್ಲ. "ನನ್ನ ರಿಬ್ಬನ್ನಿಗೆ ಅನಿವಾರ್ಯ ಅಂತ ಬರೀತಾರೆ, ತಮ್ಮ ದೋಸೆಗೆ ಇತರೆ" ಅಂತ ಈಗಲೂ ಗೊಣಗುತ್ತಾಳೆ.

1998ರಲ್ಲಿ ಅಪ್ಪ ರಿಟೈರ್ ಆದರು. ಆಗ ಸರ್ಕಾರಿ ನೌಕರರಿಗೆ 58ಕ್ಕೇ ನಿವೃತ್ತಿ. ಅದು 60 ಆದದ್ದು 2008ರಲ್ಲಿ. ಆ ಎರಡು ವರ್ಷದ ಸಂಬಳ, ತುಟ್ಟಿಭತ್ಯೆ ಎಲ್ಲ ಸೇರಿ ತಮಗೆ ಎಷ್ಟು ನಷ್ಟವಾಯಿತು ಅಂತ ಪುಸ್ತಕದ ಹಿಂಬದಿ ರಟ್ಟಿನ ಮೇಲೆ ಲೆಕ್ಕ ಹಾಕಿಟ್ಟಿದ್ದಾರೆ. ಮೊತ್ತದ ಕೆಳಗೆ ಎರಡು ಗೆರೆ. ಸರ್ಕಾರಕ್ಕೆ ಅರ್ಜಿ ಹಾಕುವ ಯೋಚನೆ ಇತ್ತೋ ಏನೋ.

ಆ ಹೊತ್ತಿಗೆ ಮೊಮ್ಮಕ್ಕಳು ಒಬ್ಬೊಬ್ಬರಾಗಿ ಬರತೊಡಗಿದ್ದರು. ಇಲ್ಲಿಂದ ಪುಸ್ತಕದ ರೀತಿಯೇ ಬದಲಾಗುತ್ತದೆ. ಬಲೂನು. ಮಾರನೆ ದಿನ ಮತ್ತೆ ಬಲೂನು. ಪೀಪಿ. ಮೂರು ಗಾಲಿ ಸೈಕಲ್ಲು. ರಿಮೋಟ್ ಕಾರು. ಅದಕ್ಕೆ ಸೆಲ್ಲು. ಮತ್ತೆ ಸೆಲ್ಲು. ಮುಂದೆ ಬರೀ ಅಂಕಿ, ಷರಾ ಇಲ್ಲ. ನೆಲಕ್ಕೆ ಬಿದ್ದು ಹೊರಳಾಡುವ ಕಷ್ಟವೇ ಆ ಮಕ್ಕಳಿಗೆ ಬರಲಿಲ್ಲ, ಬಲೂನಿನವನ ಗಂಟೆ ಕೇಳಿದರೆ ಇವರೇ ಮೊದಲು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಒಂದು ಸಲ ನಾನು ತಡೆಯಲಾರದೆ, "ನಮಗೆ ಒಂದು ಬಲೂನಿಗೆ ಎಷ್ಟು ಸತಾಯಿಸಿದಿರಿ!" ಅಂದೆ. ಅಪ್ಪ ಕನ್ನಡಕದ ಮೇಲಿನಿಂದ ನೋಡಿ, "ಆಗ ನಾನು ಮೇಷ್ಟ್ರು, ಈಗ ಪಿಂಚಣಿದಾರ" ಅಂದರು.

ದುಡ್ಡು ಜಾಸ್ತಿಯಾಗಿ ಹೀಗೆ ಆದದ್ದಲ್ಲ. ಪಿಂಚಣಿ ಸಂಬಳಕ್ಕಿಂತ ಕಮ್ಮಿಯೇ ಅಲ್ವಾ. ನಮ್ಮನ್ನು ಸಾಕುವಾಗ ಅವರಿಗೆ ಹೆದರಿಕೆ ಇತ್ತು. ಹಾಳಾಗುತ್ತಾರೇನೋ, ಫೇಲಾಗುತ್ತಾರೇನೋ, ದುಡ್ಡು ಸಾಲದೇ ಹೋದರೆ ಏನು ಗತಿ ಅನ್ನುವ ಹೆದರಿಕೆ. ನಾವು ಮೂವರೂ ಹೇಗೋ ಒಂದು ದಡ ಸೇರಿದೆವು. ಮೊಮ್ಮಕ್ಕಳು ಫೇಲಾದರೆ ಅದು ನಮ್ಮ ತಲೆನೋವು. ಅವರಿಗೆ ಉಳಿದದ್ದು ಬಲೂನು ಕೊಡಿಸುವ ಕೆಲಸ ಮಾತ್ರ. ಅದನ್ನು ಶ್ರದ್ಧೆಯಿಂದ ಮಾಡಿದರು.

ಅಣ್ಣನ ಮಗಳು ತಿಪಟೂರಿನಲ್ಲೇ ಬೆಳೆದವಳು. ಕಳೆಯುವ ಲೆಕ್ಕ, ಶೇಕಡಾ, ಬಡ್ಡಿ ಎಲ್ಲ ಅವಳಿಗೆ ತಾತ ಕಲಿಸಿದ್ದು ಇದೇ ಪುಸ್ತಕದಲ್ಲಿ. 'ಇವತ್ತು ಎಷ್ಟು ಉಳೀತು ಹೇಳು' ಅಂತ ಶುರು. ಅವಳು ಎಂಟರ ಸುಮಾರಿನವಳಿದ್ದಾಗ ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಕಣ್ಣಿಗೆ ಶ್ರಮ ಕೊಡಬೇಡಿ ಅಂತ ಡಾಕ್ಟರು ಹೇಳಿದ್ದರು. ಅಪ್ಪ ಹೇಳುವುದು, ಇವಳು ಬರೆಯುವುದು. ಆ ಪುಟಗಳಲ್ಲಿ ತೊಗರಿಬೇಳೆ 'ತೋಗರಿ ಬೆಳೆ' ಆಗಿದೆ, ಹುಣಸೆಹಣ್ಣು 'ಉಣಸೆ' ಆಗಿದೆ. ಕಣ್ಣು ಸರಿಹೋದಮೇಲೆ ಮೇಷ್ಟ್ರು ಕೂತು ಎಲ್ಲ ಕೆಂಪು ಶಾಯಿಯಲ್ಲಿ ತಿದ್ದಿದ್ದಾರೆ. ಆಮೇಲೆ ಅವಳೇನು ಸುಮ್ನೆ ಇದ್ದಾಳಾ? ತಾತನ ಮುಂದಿನ ಪುಟಗಳಿಗೆ ಅದೇ ಕೆಂಪು ಪೆನ್ನಿನಲ್ಲಿ ರೈಟ್ ಮಾರ್ಕು ಹಾಕಿ, ಕೆಳಗೆ 'ಗುಡ್' ಅಂತ ಬರೆದು ಸಹಿ ಮಾಡಿದ್ದಾಳೆ. ಒಂದು ಕಡೆ 'ಅಕ್ಷರ ದುಂಡಗೆ ಬರೆಯಿರಿ' ಅಂತ ಎಚ್ಚರಿಕೆ. ಅದರ ಮುಂದಿನ ಪುಟದಲ್ಲಿ ಅಪ್ಪನ ಅಕ್ಷರ ನಿಜವಾಗಲೂ ಸ್ವಲ್ಪ ದುಂಡಗಾಗಿದೆ.

ಇನ್ನೊಂದು ಪುಟದಲ್ಲಿ ಅವಳದೇ ಕೈಬರಹ: 'ಐಸ್‌ಕ್ರೀಂ. ಅಮ್ಮನಿಗೆ ಹೇಳಬಾರದು.' ನೆಗಡಿ ಅಂತ ಅವಳಮ್ಮ ಐಸ್‌ಕ್ರೀಂ ನಿಲ್ಲಿಸಿದ್ದ ಕಾಲ ಅದು. ತಾತ 'ಇತರೆ' ಅಂತ ಬರೆಯುವುದನ್ನು ಅವಳಿಗೆ ಇನ್ನೂ ಕಲಿಸಿರಲಿಲ್ಲ ಅಂತ ಕಾಣುತ್ತದೆ.

ಕೊನೆಯ ಪುಸ್ತಕಗಳಲ್ಲಿ ಹೊಸ ತೊಂದರೆಯೊಂದು ಶುರುವಾಯಿತು. ಸೊಪ್ಪಿನವಳಿಂದ ಹಿಡಿದು ಕಾಯಿ ಅಂಗಡಿಯವರೆಗೆ ಎಲ್ಲರೂ ಸ್ಕ್ಯಾನ್ ಮಾಡುವ ಚೀಟಿ ಅಂಟಿಸಿಕೊಂಡರು. ಅಪ್ಪನ ಜೊತೆ ಅಂಗಡಿಗೆ ಹೋದ ಮೊಮ್ಮಗಳು ಚಿಲ್ಲರೆ ಯಾಕೆ ಅಂತ ಫೋನಿನಲ್ಲಿ ಕೊಟ್ಟುಬಿಡುತ್ತಿದ್ದಳು. ಸಾಮಾನು ಮನೆಗೆ ಬಂದಿದೆ, ಜೇಬಿನಲ್ಲಿ ದುಡ್ಡು ಹಾಗೇ ಇದೆ. ಇದನ್ನು ಎಲ್ಲಿ ಬರೆಯುವುದು? ಐದು ಪೈಸೆ ತಾಳೆಯಾಗದಿದ್ದರೆ ಮನೆಯವರನ್ನೆಲ್ಲ ಎಬ್ಬಿಸಿ ಕೂರಿಸುತ್ತಿದ್ದ ಮನುಷ್ಯ. ಎರಡು ದಿನ ಯೋಚನೆ ಮಾಡಿ ಒಂದು ಉಪಾಯ ಕಂಡುಕೊಂಡರು. ಜಮಾ ಕಡೆ 'ಮೊಮ್ಮಗಳಿಂದ ಕೈಸಾಲ', ಖರ್ಚಿನ ಕಡೆ ಸೊಪ್ಪು. ಪ್ರತಿ ಭಾನುವಾರ ಅವಳನ್ನು ಕರೆದು ಸಾಲ ತೀರಿಸುತ್ತಿದ್ದರು, ಬಹಳ ಸಲ ನಾಣ್ಯದಲ್ಲೇ. ಆ ನಾಣ್ಯ ಅವಳಿಗೆ ಐಸ್‌ಕ್ರೀಮಿಗೆ ಆಗುತ್ತಿತ್ತು.

ಜಾಹೀರಾತಿನ ಕತೆ ಹೇಳಿಬಿಡುತ್ತೇನೆ. ಕೊನೆಗೆ ಹೆಸರು, ಊರು, ಹುಟ್ಟಿದ ತಾರೀಖು, ತೀರಿಕೊಂಡ ತಾರೀಖು, 'ನಿವೃತ್ತ ಶಿಕ್ಷಕರು', ಇಷ್ಟೇ ಹಾಕಿಸಿದೆವು. ಬಲೂನು, ದೋಸೆ, ಸಾಸಿವೆ ಯಾವುದೂ ಆ ಚೌಕಟ್ಟಿನಲ್ಲಿ ಕೂರುವ ಹಾಗಿರಲಿಲ್ಲ. ಚದರ ಸೆಂಟಿಮೀಟರಿಗೆ ರೇಟು ಕೇಳಿ ಅಣ್ಣನೂ ಸ್ವಲ್ಪ ತಣ್ಣಗಾಗಿದ್ದ. ಅಪ್ಪ ಇದ್ದಿದ್ದರೆ 'ಪೇಪರಿಗೆ, ದಂಡ' ಅಂತ ಬರೆದಿರುತ್ತಿದ್ದರು ಅಂದೆ. ಅಕ್ಕ, "ಇಲ್ಲ, ಇತರೆ ಅಂತ ಬರೀತಿದ್ರು" ಅಂದಳು.

ಕೊನೆ ಪುಸ್ತಕದ ಕೊನೆ ಪುಟದಲ್ಲಿ ಕೈಸಾಲ 140 ರೂಪಾಯಿ ಬಾಕಿ ಇದೆ. ಆ ಭಾನುವಾರ ಅಪ್ಪ ಆಸ್ಪತ್ರೆಯಲ್ಲಿದ್ದರು. ಈಗ ಪಿಯುಸಿ ಕಾಮರ್ಸ್ ಓದುತ್ತಿರುವ ಮೊಮ್ಮಗಳು ಆ ಪುಟ ಬಿಡಿಸಿ ನಮ್ಮ ಮೂವರ ಮುಂದೆ ಇಟ್ಟಳು. ತಾತನ ಸಾಲ ವಾರಸುದಾರರು ತೀರಿಸಬೇಕು, ಅದು ಕಾನೂನು ಅಂದಳು. ಬಡ್ಡಿ ಬೇರೆ. ಚಕ್ರಬಡ್ಡಿ ಹಾಕುವವರು ಉದ್ಧಾರ ಆಗುವುದಿಲ್ಲ ಅಂತ ತಾತ ಹೇಳಿಕೊಟ್ಟಿದ್ದಾರಂತೆ, ಅದಕ್ಕೆ ಸರಳ ಬಡ್ಡಿ ಸಾಕು ಅಂತ ರಿಯಾಯಿತಿ ತೋರಿಸಿದಳು. ಅಣ್ಣ ಫೋನ್ ತೆಗೆದ. "ಫೋನಲ್ಲಿ ಬೇಡ, ಕ್ಯಾಶು" ಅಂದಳು. ಮೂವರೂ ಜೇಬು, ಪರ್ಸು ಹುಡುಕಿ ಹತ್ತು, ಇಪ್ಪತ್ತರ ನೋಟು ಕೂಡಿಸಿ ಕೊಟ್ಟೆವು. ಚಾಪೆ ಮೇಲೆ ಹರಡಿ ಎರಡು ಸಲ ಎಣಿಸಿದಳು. ಒಂದು ನೋಟು ಹರಿದಿದೆ, ಬದಲಾಯಿಸಿಕೊಡಿ ಅಂದಳು.